ಪರೀಕ್ಷೆಯ ಫೋನಿಗೆ ಗಂಡನಿರಲಿಲ್ಲ

ಬಾಗಿಲು ತಳ್ಳಿಕೊಂಡು ಒಳಗೆ ಬಂದವನ ಮುಖ ಕಂಡದ್ದೇ ತಡ, ಅವಳ ಕೈಯಲ್ಲಿದ್ದ ಚಾರ್ಜಿಂಗ್ ಪೆಟ್ಟಿಗೆ ಹಾರಿ ಹೋಗಿ ಅವನ ಹುಬ್ಬಿಗೆ ಬಡಿಯಿತು.

ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆ. ಮೇಜಿನ ಮೇಲಿನ ಫೋನುಗಳಿಗೆಲ್ಲ ಅದೇ ಅನ್ನದಾತ. ಹುಬ್ಬು ಒಡೆದು ರಕ್ತ ಕಣ್ಣಿನ ಮೇಲೆ ಇಳಿಯಿತು.

ಅವನು ಕೈ ಅಡ್ಡ ಹಿಡಿಯಲಿಲ್ಲ, ಬೈಯಲೂ ಇಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಹುಬ್ಬಿಗೆ ಒತ್ತಿಕೊಂಡ.

"ತಂಗಿಗೆ ಕೋಪ ಜಾಸ್ತಿ ಅಂತ ಅತ್ತಿಗೆ ಹೇಳಿದ್ರು. ಗುರಿ ಇಷ್ಟು ಚೆನ್ನಾಗಿದೆ ಅಂತ ಹೇಳಿರಲಿಲ್ಲ."

ಅತ್ತಿಗೆ...

ಆ ಒಂದು ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಅಂದರೆ ಇವನು ಭಾವನ ತಮ್ಮ. ಎಂದೋ ಮನೆ ಬಿಟ್ಟವನು, ಅಣ್ಣನ ಮದುವೆಗೂ ಬಾರದವನು. ಅದೇ ದವಡೆ, ಅದೇ ಕೂಡುಹುಬ್ಬು, ಬಾಗಿಲಲ್ಲಿ ನಿಲ್ಲುವ ಭಂಗಿಯೂ ಅದೇ. ಅಕ್ಕನ ಕೂದಲು ಹಿಡಿದು ಗೋಡೆಗೆ ಗುದ್ದಿದ ಮುಖವನ್ನೇ ಯಾರೋ ಇನ್ನೊಂದು ಪ್ರತಿ ತೆಗೆದು ಕಳಿಸಿದಂತಿತ್ತು.

ಮನೆಯವರು ಈ ಹುಡುಗಿಯನ್ನು 'ಕಿಡಿ' ಎಂದು ಕರೆಯುತ್ತಿದ್ದರು. ಸುಮ್ಮನೆ ಕರೆಯುತ್ತಿರಲಿಲ್ಲ ಎಂಬುದು ಈಗಾಗಲೇ ನಿಮಗೆ ತಿಳಿದಿರಬೇಕು.

ಒಳಗಿನ ಕೋಣೆಯಿಂದ ವಕೀಲಮ್ಮ ಓಡಿಬಂದರು. ನೆಲದ ಮೇಲಿನ ಪೆಟ್ಟಿಗೆ ನೋಡಿದರು, ರಕ್ತ ನೋಡಿದರು.

"ಕೇಸು ಹಾಕ್ತೀಯೇನಪ್ಪಾ?"

"ಇಲ್ಲ ಮೇಡಂ. ಕೆಲಸಕ್ಕೆ ಬಂದಿದ್ದೀನಿ."

ವಕೀಲಮ್ಮನ ಕಚೇರಿ ಒಂದು ಕನ್ನಡಕದ ಅಂಗಡಿಯ ಮೇಲಿತ್ತು. ಹೊಡೆತ ತಿಂದು ಮನೆ ಬಿಟ್ಟು ಬರುವ ಹೆಂಗಸರಿಗಾಗಿ ಅವರು ಹಿಂದಿನ ಬೀದಿಯಲ್ಲಿ ಒಂದು ಮನೆ ನಡೆಸುತ್ತಿದ್ದರು. ಆದರೆ ಬಿಟ್ಟು ಬರಲಾಗದವರ ಗತಿ? ಅವರಿಗಾಗಿ ಕಿಡಿ ಒಂದು ಉಪಾಯ ಕಟ್ಟುತ್ತಿದ್ದಳು. ಆಪತ್ತಿನಲ್ಲಿ ಹೆಂಗಸು ಫೋನು ಮುಟ್ಟಿದರೆ ಸಾಕು, ಅವಳು ಎಲ್ಲಿದ್ದಾಳೆಂಬುದು ವಕೀಲಮ್ಮನಿಗೆ ತಲುಪಬೇಕು.

ನೂರಾರು ಹೆಂಗಸರ ಹೆಸರು ಹೇಳಿ ಕೆಲಸ ಶುರುವಾಗಿದ್ದರೂ, ಕಿಡಿಯ ಮನಸ್ಸಿನಲ್ಲಿ ಇದ್ದವಳು ಒಬ್ಬಳೇ. ಅಕ್ಕ. 'ಇವತ್ತು ಸರಿ ಹೋಗ್ತಾರೆ, ನಾಳೆ ಸರಿ ಹೋಗ್ತಾರೆ' ಎಂದು ಗಂಡನ ಮನೆಯಲ್ಲೇ ಉಳಿದಿದ್ದ ಅಕ್ಕನನ್ನು ಜೀವಂತ ಹೊರಗೆ ತರಬೇಕಿತ್ತು.

"ಅತ್ತಿಗೆ ಕದ್ದು ಫೋನ್ ಮಾಡಿದ್ರು," ಅವನು ಮೆಲ್ಲಗೆ ಹೇಳಿದ. "ತಂಗಿ ಒಬ್ಬಳೇ ಒದ್ದಾಡ್ತಿದ್ದಾಳೆ, ನಿನ್ನ ಕಂಪ್ಯೂಟರ್ ವಿದ್ಯೆ ಅಲ್ಲಿ ಬೇಕು ಅಂದ್ರು."

ಕಿಡಿ ಅವನಿಗೊಂದು ಕುರ್ಚಿ ತೋರಿಸಿದಳು. ಅಕ್ಕನ ಮೈದುನ ತಾನೇ, ಇರಲಿ, ಕಣ್ಣ ಮುಂದೆಯೇ ಇರಲಿ ಎಂದುಕೊಂಡಳು.

* * *

ಮೈದುನ ಕೂತ ಮೊದಲ ದಿನವೇ ಜಗಳ.

"ಆಂಡ್ರಾಯ್ಡ್‌ಗೆ ಆಪ್ ಮಾಡೋಣ. ಫೋನು ಜೇಬಲ್ಲಿದ್ರೂ ಅದು ಒಳಗೊಳಗೇ ಓಡ್ತಿರುತ್ತೆ. ಒಂದು ಸಲ ಒಪ್ಪಿಗೆ ಕೊಟ್ಟಿದ್ರೆ ತಾನೇ ಮೆಸೇಜ್ ಕಳಿಸುತ್ತೆ, ಇಂಟರ್ನೆಟ್ ಇಲ್ಲದಿದ್ರೂ," ಎಂದ ಅವನು.

"ಐಫೋನ್ ಇರೋರು ಏನು ಮಾಡ್ಬೇಕು?"

"ಅದು ಅತ್ತೆಮನೆ ಇದ್ದ ಹಾಗೆ. ಚೊಕ್ಕಟ, ಭದ್ರ. ಆದ್ರೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳ್ಬೇಕು. ಅಲ್ಲಿ ಆಪ್ ತಾನಾಗಿ ಮೆಸೇಜ್ ಕಳಿಸೋ ಹಾಗಿಲ್ಲ, ಫೋನು ಹಿಡಿದವರೇ ಒತ್ತಬೇಕು. ಬೇರೆ ಕೋಡಿಂಗ್ ಭಾಷೆಯಲ್ಲಿ ಮತ್ತೆ ಮೊದಲಿಂದ ಬರೀಬೇಕು."

"ಅದಕ್ಕೇ ಹೇಳ್ತಿದ್ದೀನಿ, ವೆಬ್ ಪುಟ ಮಾಡೋಣ ಅಂತ. ಒಂದೇ ಸಲ ಬರೆದ್ರೆ ಎರಡೂ ಫೋನಲ್ಲಿ ತೆರೆಯುತ್ತೆ. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಐಕಾನ್ ಇರೋದಿಲ್ಲ."

"ಮುಚ್ಚಿದ ಪುಟ ಏನೂ ಮಾಡಲ್ಲ. ನೆಟ್ ಹೋದ್ರೆ ಅದೂ ಹೋಯ್ತು."

"ಗೊತ್ತಿಲ್ಲದ ಐಕಾನ್ ಒಂದು ಕಂಡಿತು ಅಂತ ನಿಮ್ಮಣ್ಣ ನನ್ನಕ್ಕನ ಕಿರುಬೆರಳು ಮುರಿದ. ಅದು ಅಡುಗೆ ಕಲಿಸೋ ಆಪು."

ಮೈದುನ ಕೈಯಲ್ಲಿದ್ದ ಫೋನನ್ನು ಪಕ್ಕಕ್ಕೆ ಸರಿಸಿದ. ಹುಬ್ಬಿನ ಮೇಲಿನ ಪಟ್ಟಿಯ ಕೆಳಗೆ ಅವನ ಕಣ್ಣು ಕೆಂಪಾಗಿತ್ತು.

"ಪುಟವೇ ಮಾಡೋಣ," ಎಂದ.

ಹೀಗೆ ಹುಟ್ಟಿದ್ದು ಹವಾಮಾನದ ಪುಟ. ನೋಡಿದವರಿಗೆ ಅದು ಬಿಸಿಲು, ಮೋಡ, ಗಾಳಿಯ ಲೆಕ್ಕ. ಹವಾಮಾನದ ಪುಟ 'ನೀವೆಲ್ಲಿದ್ದೀರಿ' ಎಂದು ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಚಿತ್ರದಲ್ಲಿನ ಸೂರ್ಯನನ್ನು ಬೆರಳಿನಿಂದ ಒತ್ತಿ ಹಿಡಿದರೆ ವಕೀಲಮ್ಮನ ಕಚೇರಿಯಲ್ಲಿ ಗಂಟೆ ಹೊಡೆಯುತ್ತಿತ್ತು.

ಮೊದಲ ಸಲ ತೆರೆದಾಗ ಮಾತ್ರ ಧೈರ್ಯದ ನಾಲ್ಕು ಮಾತು, ಬಳಸುವ ಬಗೆ, ಆಶ್ರಯದ ಮನೆಗೆ ದಾರಿ ಕಾಣಿಸುತ್ತಿದ್ದವು. ಆಮೇಲೆ ಆ ಫೋನಿನಲ್ಲಿ ಬರೀ ಹವಾಮಾನ. ಆ ಮಾತುಗಳನ್ನು ಕಿಡಿಯೇ ಬರೆದಿದ್ದಳು. ಅಕ್ಕನಿಗೆ ಹೇಳುವಂತೆಯೇ ಬರೆದಿದ್ದಳು.

ಪರೀಕ್ಷೆ ಮಾಡುವವನು ಮೈದುನ. ಅವಳು ಒಂದು ಫೋನಿನಲ್ಲಿ ಪುಟ ತೆರೆದು ಮುಚ್ಚಿ ಕೊಡುತ್ತಿದ್ದಳು. ಅವನು ಹೆಂಡತಿಯ ಫೋನು ತಡಕುವ ಗಂಡನಾಗುತ್ತಿದ್ದ.

ಮೊದಲ ಸಲ ನೋಡಿ ಅವಳು ಕುರ್ಚಿ ಹಿಂದಕ್ಕೆ ಎಳೆದುಕೊಂಡಳು. ಎಷ್ಟು ಚುರುಕು ಅವನ ಹೆಬ್ಬೆರಳು! ಕರೆಗಳು, ಅಳಿಸಿದ ಚಿತ್ರಗಳು, ಹುಡುಕಿದ ಪದಗಳು, ಯಾವ ಆಪ್ ಎಷ್ಟು ಬ್ಯಾಟರಿ ತಿಂದಿದೆ ಎಂಬುದನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಇದನ್ನೆಲ್ಲ ಎಲ್ಲಿ ಕಲಿತಿರಿ?"

"ಮನೆಯಲ್ಲಿ. ಅಮ್ಮನ ಫೋನನ್ನ ಅಪ್ಪ ಹೀಗೇ ನೋಡ್ತಿದ್ರು. ನಾವಿಬ್ರೂ ಪಕ್ಕದಲ್ಲಿ ನಿಂತು ನೋಡ್ತಿದ್ವಿ. ಅಣ್ಣ ಕಲಿತ, ನಾನೂ ಕಲಿತೆ." ಅವನು ಫೋನು ಕೆಳಗಿಟ್ಟ. "ಅಮ್ಮ ಇರೋವರೆಗೂ ಇದ್ದೆ. ಆಮೇಲೆ ಹೊರಟುಬಿಟ್ಟೆ."

ಅವಳು ಎದ್ದು ಹೋಗಿ ಎರಡು ಲೋಟ ಚಹಾ ತಂದಳು. ಒಂದನ್ನು ಅವನ ಮುಂದೆ ಇಟ್ಟಳು. ಬಂದ ದಿನದಿಂದ ಅವನಿಗೆ ಅವಳು ಕೊಟ್ಟ ಮೊದಲ ವಸ್ತು ಅದು, ಚಾರ್ಜಿಂಗ್ ಪೆಟ್ಟಿಗೆಯನ್ನು ಬಿಟ್ಟರೆ.

ಹಾಗೆ ದಿನಗಳು ಉರುಳಿದವು. ಅವನು ನಗಿಸುತ್ತಿದ್ದ, ಅವಳು ನಗು ತಡೆದುಕೊಳ್ಳುತ್ತಿದ್ದಳು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಥೂ, ಇದೇನು ಗ್ರಹಚಾರ ನನಗೆ... ಆ ಮುಖಕ್ಕಾಗಿ ಕಾಯುವುದೇ? ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ದಿನ ಅವನು ಕೇಳಿದ, "ಈ ಫೋನುಗಳಲ್ಲಿ ಯಾರ ಇಮೇಲ್ ಖಾತೆಯೂ ಇಲ್ವಲ್ಲ?"

"ಪ್ರತಿ ಸಲ ಎಲ್ಲಾ ಅಳಿಸಿ ಖಾಲಿ ಮಾಡ್ತೀನಿ. ಖಾಲಿ ಫೋನಲ್ಲಿ ನೋಡಿದ್ರೇ ತಪ್ಪು ಸ್ಪಷ್ಟವಾಗಿ ಕಾಣೋದು. ಎಲ್ಲರೂ ಹಾಗೇ ಮಾಡೋದು."

"ಮನೆಯಲ್ಲಿರೋ ಫೋನು ಖಾಲಿ ಇರಲ್ಲ."

"ನನ್ನ ಕೆಲಸ ನನಗೆ ಗೊತ್ತು ಕಣ್ರೀ."

ಅವನು ಪರೀಕ್ಷೆಗೆ ಇನ್ನೊಂದು ಫೋನು ಎತ್ತಿಕೊಂಡ. ಆ ಸಂಜೆಯೇ ಅವಳು ಅಕ್ಕನಿಗೆ ಪುಟದ ಕೊಂಡಿ ಕಳಿಸಿದಳು.

* * *

ವಾರ ಕಳೆದಿರಲಿಲ್ಲ, ಅಕ್ಕ ಆಸ್ಪತ್ರೆಯಲ್ಲಿದ್ದಳು.

ತುಟಿ ಸೀಳಿತ್ತು. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಬಲಗೈ ಮಣಿಕಟ್ಟಿನಿಂದ ಬೆರಳಿನವರೆಗೆ ಬಿಳಿಯ ಪಟ್ಟಿ. ಪಕ್ಕದ ಮನೆಯವರು ಬಾಗಿಲು ಒಡೆಯದಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

"ಅವರಿಗೆ ಎಲ್ಲಾ ಗೊತ್ತಿತ್ತು ಕಣೆ," ಅಕ್ಕ ತುಟಿ ಅಲುಗಿಸದೆ ಹೇಳಿದಳು. "ಸೂರ್ಯನ್ನ ಒತ್ತಬೇಕು ಅನ್ನೋದೂ ಗೊತ್ತಿತ್ತು. ಮೊದಲು ನೆಟ್ ಆರಿಸಿದ್ರು. ಆಮೇಲೆ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟು... ಒತ್ತು, ಯಾರು ಬರ್ತಾರೋ ನೋಡೋಣ ಅಂದ್ರು. ಬೆರಳು ಮುರಿಯೋವರೆಗೂ ಒತ್ತಿಸಿದ್ರು."

ಕಿಡಿ ಮಂಚದ ಅಂಚು ಹಿಡಿದಳು.

ಸೂರ್ಯನ ಗುಟ್ಟು ಗೊತ್ತಿದ್ದವರು ಯಾರು? ತಾನು, ವಕೀಲಮ್ಮ, ಅಕ್ಕ. ಮತ್ತೆ ಅವನು. ಬೀಜದಂತೆ ಬೆಳೆ... ಅಯ್ಯೋ, ಹಾವಿನ ಮರಿಗೆ ಚಹಾ ಕುಡಿಸಿದೆನಲ್ಲ!

ಆಸ್ಪತ್ರೆಯಿಂದ ಕಚೇರಿಗೆ ಅವಳು ನಡೆದಳೋ ಓಡಿದಳೋ ಅವಳಿಗೇ ತಿಳಿಯದು. ಮೈದುನ ಮೇಜಿನ ಮುಂದೆ ಕೂತಿದ್ದ. ಅವಳು ಬಂದವಳೇ ಕೆನ್ನೆಗೆ ಬಾರಿಸಿದಳು. ಅವನು ಎದ್ದು ನಿಂತ. ಇನ್ನೊಂದು ಬಾರಿಸಿದಳು. ಅಂಗಿ ಹಿಡಿದು ಗೋಡೆಗೆ ನೂಕಿ ಎದೆಗೆ ಗುದ್ದಿದಳು.

"ಎಷ್ಟಕ್ಕೆ ಮಾರಿದೆ ನನ್ನಕ್ಕನ್ನ? ನಿಮ್ಮಣ್ಣ ಕರೆದು ಬೆನ್ನು ತಟ್ಟಿದನಾ?"

"ನಾನಲ್ಲ."

"ಅವನೂ ಹೀಗೇ ಹೇಳ್ತಾನೆ. ನಾನಲ್ಲ, ಅವಳೇ ಮೆಟ್ಟಿಲಿಂದ ಬಿದ್ದಳು ಅಂತಾನೆ."

ಅವನ ಮುಖ ಬಿಳಿಚಿತು. ಗೋಡೆಗೆ ಒರಗಿದಂತೆಯೇ ಕೇಳಿದ.

"ಒಂದು ಮಾತು ಹೇಳಿ. ಅತ್ತಿಗೆ ಮನೆಯಲ್ಲಿ ಟ್ಯಾಬ್ ಇದೆಯಾ? ಅವರ ಖಾತೆಯಲ್ಲೇ ನಡೆಯೋದು..."

"ನಿನ್ನ ಪಾಪಾನ ನನ್ನ ಕೆಲಸದ ತಲೆಗೆ ಕಟ್ಟಬೇಡ."

ಮೇಜಿನ ಮೇಲಿದ್ದ ಫೋನುಗಳನ್ನು ಅವಳು ಒಂದೊಂದಾಗಿ ಎತ್ತಿ ನೆಲಕ್ಕೆ ಬಡಿದಳು. ಆಂಡ್ರಾಯ್ಡೂ ಹೋಯಿತು, ಐಫೋನೂ ಹೋಯಿತು. ಒಡೆಯುವುದರಲ್ಲಿ ಎರಡಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ. ಗಾಜಿನ ಚೂರು ಅವಳ ಅಂಗೈ ಸೀಳಿತು.

"ಹೋಗು. ಮತ್ತೆ ಆ ಮುಖ ತೋರಿಸಬೇಡ."

ಅವನು ಹೋದ. ಕೆನ್ನೆಯ ಮೇಲೆ ಅವಳ ಬೆರಳುಗಳು ಮೂಡಿದ್ದವು. ಹೋಗುವ ಮುನ್ನ ಬಗ್ಗಿ, ಇನ್ನೂ ಉಸಿರಾಡುತ್ತಿದ್ದ ಎರಡು ಫೋನು ಎತ್ತಿಕೊಂಡು ಹೋದ. ಅದು ಅವಳಿಗೆ ಕಳ್ಳತನದಂತೆ ಕಂಡಿತು.

ಎದೆಯೊಳಗೆ ಏನೋ ಹರಿದುಹೋದಂತಾಗಿ ಅವಳು ಗಾಜಿನ ನಡುವೆಯೇ ಕುಸಿದು ಅತ್ತಳು. ಅಕ್ಕನಿಗಾಗಿ ಅತ್ತಳು ಎಂದೇ ನಂಬಿದ್ದಳು. ಅರ್ಧ ಅಳು ಅವನಿಗಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲು ಅವಳು ಸಿದ್ಧಳಿರಲಿಲ್ಲ.

* * *

ಆಸ್ಪತ್ರೆಯಿಂದ ಅಕ್ಕನನ್ನು ನೇರ ಆಶ್ರಯದ ಮನೆಗೇ ಕರೆತಂದರು. ಈ ಸಲ ಅಕ್ಕ ಬೇಡ ಎನ್ನಲಿಲ್ಲ. ಪೊಲೀಸರಿಗೆ ದೂರು ಮಾತ್ರ ಇನ್ನೂ ಕೊಟ್ಟಿರಲಿಲ್ಲ.

ಮಧ್ಯಾಹ್ನ. ಹಿತ್ತಲಲ್ಲಿ ಹೆಂಗಸರು ಬಟ್ಟೆ ಒಣಗಿಸುತ್ತಿದ್ದರು. ಮುಂಬಾಗಿಲಿಗೆ ಮೊದಲ ಪೆಟ್ಟು ಬಿತ್ತು. ಎರಡನೆಯದಕ್ಕೆ ಚಿಲಕ ಕಿತ್ತು ಬಂತು.

ಬಾಗಿಲಲ್ಲಿ ಭಾವ. ಬಲಗೈಯಲ್ಲಿ ಕಾರಿನ ಚಕ್ರ ಬಿಚ್ಚುವ ಸ್ಪ್ಯಾನರ್, ಎಡಗೈಯಲ್ಲಿ ಒಂದು ಟ್ಯಾಬ್.

ಕಿಡಿ ಅಕ್ಕನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಈ ಮನೆ ದಾರಿ ಯಾರು ಹೇಳಿದ್ರು ನಿಮಗೆ? ನಿಮ್ಮ ತಮ್ಮನಾ?"

"ಅವನಾ?" ಭಾವ ಉಗುಳಿದ. "ಆ ಷಂಡ ನನ್ನ ಜೊತೆ ಮಾತಾಡಿ ಎಷ್ಟು ವರ್ಷ ಆಯ್ತು. ದಾರಿ ತೋರಿಸಿದ್ದು ನೀನು." ಟ್ಯಾಬನ್ನು ಅವಳ ಮುಖಕ್ಕೆ ಹಿಡಿದ. "ಓದು. ಗಟ್ಟಿಯಾಗಿ ಓದು."

ಅವಳು ಓದಿದಳು. ಅವಳದೇ ಮಾತು.

'ಹೆದರಬೇಡಿ. ನೀವು ಒಬ್ಬರೇ ಅಲ್ಲ. ಅಪಾಯ ಎನಿಸಿದಾಗ ಸೂರ್ಯನನ್ನು ಒತ್ತಿ ಹಿಡಿಯಿರಿ. ಬರಬೇಕೆನಿಸಿದರೆ ನಮ್ಮ ಮನೆಯ ದಾರಿ ಇದು.'

ಕಿಡಿಗೆ ಈಗ ಅರ್ಥವಾಯಿತು. ಮನೆಯ ಟ್ಯಾಬು ಅಕ್ಕನ ಖಾತೆಯಲ್ಲೇ ಇತ್ತು. ಖಾತೆ ಒಂದೇ ಆದ್ದರಿಂದ ಅಕ್ಕ ಫೋನಿನಲ್ಲಿ ತೆರೆದ ಪುಟ ಟ್ಯಾಬಿನ ಪಟ್ಟಿಯಲ್ಲೂ ಕಾಣಿಸಿಕೊಂಡಿತ್ತು. ಭಾವ ಅದನ್ನು ಮುಟ್ಟಿದ್ದ. ಆ ಟ್ಯಾಬಿಗೆ ಪುಟ ಹೊಸದು. ಹಾಗಾಗಿ ಯಾರೋ ಹೊಸ ಹೆಂಗಸು ಬಂದಳೆಂದು ತಿಳಿದು, ಪುಟ ಹೊಡೆಯುವವನಿಗೇ ಧೈರ್ಯ ಹೇಳಿತ್ತು!

ಪರೀಕ್ಷೆಯ ಫೋನುಗಳೆಲ್ಲ ಖಾಲಿ. ಅವಕ್ಕೆ ಮನೆಯಿರಲಿಲ್ಲ, ಹಂಚಿಕೊಂಡ ಖಾತೆಯಿರಲಿಲ್ಲ, ಗಂಡನಿರಲಿಲ್ಲ. ಮೈದುನ ಕೇಳಿದ್ದ. ಎರಡು ಸಲ ಕೇಳಿದ್ದ.

ಸ್ಪ್ಯಾನರ್ ಅವಳ ಬಲಭುಜಕ್ಕೆ ಬಿತ್ತು. ಮೂಳೆ ಲಟಕ್ಕೆಂದ ಸದ್ದು ಅವಳಿಗೇ ಕೇಳಿಸಿತು. ಬಿದ್ದರೂ ಬಾಗಿಲು ಬಿಡದೆ ಭಾವನ ಕಾಲನ್ನು ಎಡತೋಳಿನಿಂದ ತಬ್ಬಿಕೊಂಡು ಹಲ್ಲು ಊರಿದಳು. ಅವನು ಚೀರಿದ. ಸ್ಪ್ಯಾನರ್ ಮತ್ತೆ ಮೇಲೆದ್ದಿತು.

ಅದು ಕೆಳಗೆ ಬರಲಿಲ್ಲ. ಹಿಂದಿನಿಂದ ಯಾರೋ ಹಿಡಿದಿದ್ದರು.

ಮೈದುನ.

ಎತ್ತಿಕೊಂಡು ಹೋಗಿದ್ದ ಎರಡು ಫೋನಿಗೂ ಒಂದೇ ಖಾತೆ ಹಾಕಿ ಅವನು ಪುಟ ತೆರೆದು ನೋಡಿದ್ದ. ಒಂದರಲ್ಲಿ ಹವಾಮಾನ, ಇನ್ನೊಂದರಲ್ಲಿ ಈ ಮನೆಯ ದಾರಿ. ಪೊಲೀಸರಿಗೆ ಹೇಳಿ ಎಂದು ವಕೀಲಮ್ಮನಿಗೆ ಫೋನಿನಲ್ಲಿ ಕೂಗಿ, ಬಿದ್ದಂಬೀಳ ಓಡಿಬಂದಿದ್ದ.

ಅಣ್ಣ ತಮ್ಮಂದಿರು ನೆಲಕ್ಕೆ ಬಿದ್ದರು. ಕುರ್ಚಿ ಮುರಿಯಿತು. ಅಣ್ಣನ ಹಣೆ ತಮ್ಮನ ಮೂಗಿಗೆ ಬಡಿದು ಇಬ್ಬರ ಮುಖವೂ ರಕ್ತ. ತಮ್ಮ ಮೇಲಾದ. ಎದೆಯ ಮೇಲೆ ಕೂತು ಗುದ್ದಿದ, ಮತ್ತೆ ಗುದ್ದಿದ. ಅಮ್ಮನ ಹೆಸರಿಗೊಂದು, ಅತ್ತಿಗೆಯ ಹೆಸರಿಗೊಂದು. ಕೊನೆಗೆ ಸ್ಪ್ಯಾನರನ್ನೇ ಎತ್ತಿದ.

ಕಿಡಿ ನೆಲದಿಂದ ನೋಡುತ್ತಿದ್ದಳು. ಆ ಕ್ಷಣ ಎರಡು ಮುಖಗಳಲ್ಲಿ ಯಾವುದು ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಯಾರೂ ತಡೆದಿರಲಿಲ್ಲ. ಅವನು ತನ್ನ ಕೈಯನ್ನೇ ನೋಡಿದ. ಆಮೇಲೆ ಸ್ಪ್ಯಾನರನ್ನು ಕಿಟಕಿಯಿಂದಾಚೆ ಎಸೆದು, ಅಣ್ಣನ ಎರಡೂ ಕೈಯನ್ನು ಮೊಣಕಾಲಿನಿಂದ ಅದುಮಿ, ಪೊಲೀಸರು ಬರುವವರೆಗೂ ಹಾಗೇ ಕೂತಿದ್ದ.

* * *

ಭಾವ ಜೈಲಿಗೆ ಹೋದ. ದೂರಿಗೆ ಅಕ್ಕ ಎಡಗೈಯಲ್ಲಿ ಸಹಿ ಹಾಕಿದಳು.

ಹವಾಮಾನದ ಪುಟವನ್ನು ಕಿಡಿ ಅಂದೇ ಕಿತ್ತುಹಾಕಿದಳು. ತಪ್ಪು ತನ್ನದೆಂದು ವಕೀಲಮ್ಮನ ಮುಂದೆಯೂ ಅಕ್ಕನ ಮುಂದೆಯೂ ಹೇಳಿದಳು. ಅಕ್ಕ ಅವಳ ತಲೆ ಸವರಿ, "ಬೆರಳು ಮುರಿದಿದ್ದು ನಿನ್ನ ಪುಟ ಅಲ್ಲ ಕಣೆ, ಅವರು," ಎಂದಳು.

ಆದರೆ ಮೈದುನ ಕೆಲಸಕ್ಕೆ ಬರಲಿಲ್ಲ. ಒಂದು ವಾರವಾಯಿತು, ಇನ್ನೊಂದು ವಾರವೂ ಆಯಿತು.

"ಹೋಗಿ ಕರ್ಕೊಂಡು ಬಾ," ಎಂದಳು ಅಕ್ಕ.

"ಅಕ್ಕಾ... ಆ ಮುಖ ಮತ್ತೆ ಕಣ್ಣಿಗೆ ಬಿದ್ರೆ ನಿನಗೆ..."

"ಮುಖ ಒಂದೇ ಇರಬಹುದು. ಅವರು ನನಗೆ ಹೊಡೆದ ಮೇಲೆ ಗೊರಕೆ ಹೊಡೀತಿದ್ರು. ಇವನು ಅಣ್ಣನಿಗೆ ಹೊಡೆದ ಮೇಲೆ ಕಣ್ಣು ಮುಚ್ಚಿಲ್ಲವಂತೆ. ವಕೀಲಮ್ಮ ಹೇಳಿದ್ರು."

ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ. ಮೂಗಿನ ಮೇಲೆ ಹಳದಿಗಟ್ಟಿದ ಗಾಯ.

ಅವಳು ಹೊಸ್ತಿಲಲ್ಲೇ ನಿಂತಳು. ಬಲಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು.

"ತಪ್ಪು ನನ್ನದು. ನೀನು ಕೇಳಿದಾಗ ಒಂದು ಸಲ ನೋಡಿದ್ರೆ ಆಗ್ತಿತ್ತು. ನೋಡಲಿಲ್ಲ. ಮೇಲೆ ನಿನಗೇ ಹೊಡೆದೆ. ಕ್ಷಮಿಸು."

"ಕ್ಷಮಿಸೋದಕ್ಕೆ ಏನೂ ಉಳಿದಿಲ್ಲ."

"ಹಾಗಾದ್ರೆ ಯಾಕೆ ಹೋಗ್ತಿದ್ದೀಯ?"

ಅವನು ಮಡಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದ.

"ಅಣ್ಣನ ಮೇಲೆ ಕೂತು ಗುದ್ದುತ್ತಿದ್ದೆನಲ್ಲ... ಆಗ ನನಗೆ ಹಿತವಾಗಿತ್ತು. ಯಾರಿಗೂ ಹೇಳಿಲ್ಲ. ಇನ್ನೂ ಹೊಡೀಬೇಕು ಅನ್ನಿಸ್ತಿತ್ತು. ಅಪ್ಪನಿಗೂ ಹೀಗೇ ಶುರುವಾಗಿರಬೇಕು." ಅವನು ಅಂಗಿಯನ್ನು ಚೀಲಕ್ಕೆ ತುರುಕಿದ. "ನಿನ್ನನ್ನ ಎಷ್ಟು ಪ್ರೀತಿಸ್ತೀನಿ ಅಂತ ನನಗೆ ಗೊತ್ತು. ಅದಕ್ಕೇ ದೂರ ಹೋಗ್ತಿದ್ದೀನಿ."

ಪ್ರೀತಿಸ್ತೀನಿ ಅಂದ... ಹೋಗ್ತೀನಿ ಅಂತಲೂ ಅಂದ.

"ನಿನಗೆ ಹೊಡೆದಾಗ ನನಗೂ ಹಿತವಾಗಿತ್ತು," ಎಂದಳು. "ಮೊದಲ ದಿನವೂ, ಆ ದಿನವೂ. ಸುಳ್ಳು ಯಾಕೆ ಹೇಳಲಿ? ಹಾಗಾದ್ರೆ ನಾನೆಲ್ಲಿಗೆ ಹೋಗಬೇಕು?"

ಅವನು ತಲೆ ಎತ್ತಿ ನೋಡಿದ.

ಅವಳು ಒಳಗೆ ಬಂದಳು.

"ನಿನ್ನ ಕೈ ನನ್ನ ಮೇಲೆ ಎದ್ದ ದಿನ ನಾನು ಹೊರಟುಹೋಗ್ತೀನಿ. ಇವತ್ತು ಸರಿ ಹೋಗ್ತಾನೆ, ನಾಳೆ ಸರಿ ಹೋಗ್ತಾನೆ ಅಂತ ಕಾಯಲ್ಲ."

"ಕಾಯಬೇಡ."

"ನನ್ನ ಕೈ ಎದ್ದರೆ?"

"ನಾನು ಹೋಗ್ತೀನಿ. ನಾನೂ ಕಾಯಲ್ಲ."

"ಅಷ್ಟು ಒಪ್ಪಿಗೆಯಾದ್ರೆ ನನಗೆ ಸಾಕು. ನನಗೂ ನೀನು ಬೇಕು ಕಣೋ... ಯಾವಾಗಿಂದಲೋ ಬೇಕು."

ಚೀಲ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಹತ್ತಿರ ಬಂದು, ಅವನ ಕೆನ್ನೆ ಮುಟ್ಟಲೆಂದು ಎಡಗೈ ಎತ್ತಿದಳು.

ಅವನು ಸಟ್ಟನೆ ಕಣ್ಣು ಮುಚ್ಚಿಕೊಂಡ. ಹೆಗಲು ಬಿಗಿಯಿತು. ಹೊಡೆತಕ್ಕೆ ಕಾಯುವ ಚಿಕ್ಕಂದಿನ ಅಭ್ಯಾಸ ಅದು.

ಅವಳ ಕೈ ನಡುವೆಯೇ ನಿಂತಿತು. ಕಣ್ಣು ತುಂಬಿ ಬಂತು. ಆದರೂ ಅವಸರ ಮಾಡಲಿಲ್ಲ, ಕೈ ಹಿಂದೆ ತೆಗೆದುಕೊಳ್ಳಲೂ ಇಲ್ಲ.

"ಹೊಡೆಯಲ್ಲ," ಎಂದಳು ಮೆಲ್ಲಗೆ.

"ಗೊತ್ತು."

"ಗೊತ್ತಿದ್ರೆ ಕಣ್ಣು ಬಿಡು. ನೀನು ಬಿಡೋವರೆಗೂ ಮುಟ್ಟಲ್ಲ."

ಸ್ವಲ್ಪ ಹೊತ್ತಾಯಿತು. ಅವನು ಕಣ್ಣು ಬಿಟ್ಟ.